ಆ ಚಿತ್ರಗಳ ಹೆಂಗಸರಿಗೆ ಕೆಲಸವೇ ಇರಲಿಲ್ಲವೇ?

ಹತ್ತೊಂಬತ್ತನೆಯ ಶತಮಾನದ ಯುರೋಪು, ಅಮೆರಿಕಗಳ ಫ್ಯಾಷನ್ ಚಿತ್ರಗಳ (ಹೊಸ ಮಾದರಿಯ ಉಡುಪುಗಳನ್ನು ತೋರಿಸಲು ಪತ್ರಿಕೆಗಳು ಅಚ್ಚು ಹಾಕುತ್ತಿದ್ದ ಚಿತ್ರಗಳ) ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: ಅವುಗಳಲ್ಲಿ ಹೆಂಗಸರು ಬೀಸಣಿಗೆಯನ್ನೋ ಕೊಡೆಯನ್ನೋ ಹಿಡಿದು ಸುಮ್ಮನೆ ನಿಂತಿರುತ್ತಾರಲ್ಲ, ಅವರ ಬದುಕು ನಿಜಕ್ಕೂ ಅಷ್ಟು ಆರಾಮವಾಗಿತ್ತೇ?

ಇರಲಿಲ್ಲ. ಅನುಕೂಲಸ್ಥರ ಮನೆಯ ಹೆಣ್ಣು ಹೇಗೆ ಕಾಣಬೇಕೆಂದು ಆ ಸಮಾಜ ಬಯಸಿತ್ತೋ ಅದನ್ನಷ್ಟೇ ಅವು ತೋರಿಸುತ್ತವೆ. ಚಿತ್ರದ ಅಡಿಬರಹಗಳನ್ನೇ ಓದಿ: ಬೆಳಗಿನ ಉಡುಪು, ತಿರುಗಾಟದ ಉಡುಪು, ಸಾರೋಟಿನ ಉಡುಪು, ಸಂಜೆಯ ಉಡುಪು. ದುಡಿಮೆಗೆಂದು ಒಂದು ಉಡುಪೂ ಇಲ್ಲ. ಸೂತಕದ ಉಡುಪು ಮಾತ್ರ ತಪ್ಪದೆ ಇದೆ. ಇಂಗ್ಲೆಂಡಿನಲ್ಲಿ ವಿಧವೆ ಎರಡು ವರ್ಷವಾದರೂ ಅದನ್ನು ತೊಡಬೇಕಿತ್ತು, ಹೆಂಡತಿಯನ್ನು ಕಳೆದುಕೊಂಡ ಗಂಡನಿಗೆ ಅಷ್ಟು ಕಟ್ಟುಪಾಡು ಇರಲಿಲ್ಲ.

1840ರ ದಶಕದ ಯಾವುದಾದರೂ ಚಿತ್ರದಲ್ಲಿ ಭುಜವನ್ನು ಗಮನಿಸಿ. ತೋಳು ಕೂಡಿಸಿದ ಹೊಲಿಗೆ ಭುಜದ ತುದಿಯಲ್ಲಿಲ್ಲ; ಇನ್ನೂ ಕೆಳಗೆ, ರಟ್ಟೆಯ ಮೇಲೆ ಬಂದಿದೆ. ಅಂಥ ಉಡುಪು ತೊಟ್ಟವಳಿಗೆ ಕೈಯನ್ನು ಮೇಲಕ್ಕೆತ್ತುವುದೇ ಕಷ್ಟ. ಅಟ್ಟದ ಮೇಲಿನ ಡಬ್ಬ ಇಳಿಸಲೂ ಇನ್ನೊಬ್ಬರು ಬೇಕು. ಮನೆಯಲ್ಲಿ ಆಳುಕಾಳುಗಳಿದ್ದಾರೆ ಎಂದು ಆ ಹೊಲಿಗೆಯೇ ಸಾರುತ್ತಿತ್ತು. ಗಂಡನ ಸಂಪಾದನೆಯನ್ನು ಹೆಂಡತಿಯ ಮೈಮೇಲೆ ಪ್ರದರ್ಶಿಸುವ ಈ ಏರ್ಪಾಟು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಆದರೆ ಈ ಚಿತ್ರಗಳನ್ನು ಮಾಡಿದವರು ಯಾರು? ಪ್ಯಾರಿಸ್‌ನ ಕಲಾವಿದ ಅಲೆಕ್ಸಾಂಡ್ರ್ ಕೊಲಾಂ ಅವರ ಹೆಣ್ಣುಮಕ್ಕಳಾದ ಎಲೊಯೀಸ್, ಅನಾಯಿಸ್, ಲೋರ್ ಮೂವರೂ ಫ್ಯಾಷನ್ ಚಿತ್ರಗಳನ್ನು ಬರೆದೇ ಹೆಸರು ಮಾಡಿದವರು. ಮದುವೆಯಾಗಿ ಮಕ್ಕಳಾದ ಮೇಲೂ ಅವರು ಕುಂಚ ಕೆಳಗಿಡಲಿಲ್ಲ. ಫಿಲಡೆಲ್ಫಿಯಾದಲ್ಲಿ 1830ರಲ್ಲಿ ಆರಂಭವಾದ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆಯಲ್ಲಿ ಅಚ್ಚಾದ ಚಿತ್ರಗಳಿಗೆ ಕೈಯಿಂದ ಬಣ್ಣ ತುಂಬಲು ಸುಮಾರು 150 ಹೆಂಗಸರಿದ್ದರು. ಒಂದು ಪ್ರತಿಯಲ್ಲಿದ್ದ ಬಣ್ಣ ಇನ್ನೊಂದರಲ್ಲಿ ಇಲ್ಲವೆಂಬ ದೂರು ಬಂದಾಗ, ಒಂದೇ ಊರಿನ ಓದುಗರು ಹೋಲಿಸಿ ನೋಡಿ ತಮಗೆ ಒಪ್ಪುವುದನ್ನು ಆರಿಸಿಕೊಳ್ಳಲೆಂದೇ ಹಾಗೆ ಮಾಡಿದ್ದೇವೆ ಎಂದು ಪತ್ರಿಕೆ ಸಮಜಾಯಿಷಿ ನೀಡಿತು. ನನಗಂತೂ ಆ ವ್ಯತ್ಯಾಸದಲ್ಲಿ ಕಾಣುವುದು ಬೇರೆ ಬೇರೆ ಕೈಗಳ ಗುರುತು. ಆರಾಮದ ಹೆಣ್ಣಿನ ಗೌನಿಗೆ ಬಣ್ಣ ಬಳಿಯುತ್ತಿದ್ದವಳು ಕೂಲಿಗೆ ದುಡಿಯುತ್ತಿದ್ದ ಹೆಣ್ಣು.

ಅದೇ ಪತ್ರಿಕೆಯನ್ನು 1837ರಿಂದ 1877ರವರೆಗೆ ಸಂಪಾದಿಸಿದ ಸಾರಾ ಜೋಸೆಫಾ ಹೇಲ್ ಕೂಡ ಐದು ಮಕ್ಕಳ ತಾಯಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಲೇಖನಿಯಿಂದಲೇ ಸಂಸಾರ ನಡೆಸಿದವರು. ಹೆಣ್ಣಿಗೆ ಮತದಾನ ಬೇಡವೆಂದರು. ಉನ್ನತ ಶಿಕ್ಷಣ ಬೇಕೇ ಬೇಕೆಂದು ಹೋರಾಡಿದರು, ಹೆಣ್ಣುಮಕ್ಕಳಿಗೆಂದೇ ಶುರುವಾದ ವಾಸರ್ ಕಾಲೇಜನ್ನು ಬೆಂಬಲಿಸಿದರು. ಮನೆಯೇ ಹೆಣ್ಣಿನ ಲೋಕ ಎಂಬ ಮಾತು ಹೊರಡುತ್ತಿದ್ದದ್ದು ಹೆಣ್ಣೊಬ್ಬಳು ನಡೆಸುವ ಕಚೇರಿಯಿಂದ.

1890ರ ದಶಕದಲ್ಲಿ ಅಮೆರಿಕದ ಕಲಾವಿದ ಚಾರ್ಲ್ಸ್ ಡಾನಾ ಗಿಬ್ಸನ್ ಬರೆದ ಚಿತ್ರಗಳಲ್ಲಿ ಹೆಣ್ಣು ಸೈಕಲ್ ಏರುತ್ತಾಳೆ, ಗಾಲ್ಫ್ ಆಡುತ್ತಾಳೆ, ಗಂಡಸಿನ ಮುಖವನ್ನು ನೇರವಾಗಿ ನೋಡುತ್ತಾಳೆ. ಅವಳ ಸೊಂಟವನ್ನು ಮಾತ್ರ ಕಾರ್ಸೆಟ್ ಎಂಬ ಗಟ್ಟಿಯಾದ ಒಳಕುಪ್ಪಸ ಇನ್ನೂ ಬಿಗಿದೇ ಇತ್ತು. ಅದು ಸಡಿಲಗೊಳ್ಳಲು ಮತ್ತೆ ಒಂದೆರಡು ದಶಕ ಹಿಡಿಯಿತು.