ಭತ್ತದ ಗದ್ದೆಯಲ್ಲಿ ಬಿಟರ್ನ್

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ ರಾಜ್ಯದ ರಿವರೀನಾ ಸೀಮೆಯಲ್ಲಿ ಹಕ್ಕಿ ನೋಡುತ್ತಾ ಊರೂರು ಸುತ್ತುತ್ತಿದ್ದೇವೆ. ನರಾಂಡೆರಾದಲ್ಲಿ ನದಿ ದಂಡೆಯ ರೆಡ್ ಗಮ್ ಮರಗಳಲ್ಲಿ ಸೂಪರ್ಬ್ ಗಿಳಿಗಳು ಸಿಕ್ಕವು. ಮೈಯೆಲ್ಲ ಹಸಿರು, ಗಂಡಿನ ಮುಖ ಹಳದಿ, ಕತ್ತಿನಡಿ ಕೆಂಪು ಪಟ್ಟಿ. ಲೀಟನ್ ಪಕ್ಕದ ಫೈವ್‌ಬೌ ಜೌಗಿನಲ್ಲಿ ಸೈಬೀರಿಯಾದಿಂದ ಬಂದ ಚೂಪು ಬಾಲದ ಸ್ಯಾಂಡ್‌ಪೈಪರ್‌ಗಳು ಕೆಸರು ಕೆದಕುತ್ತಿದ್ದವು. 2002ರಿಂದ ಅದು ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು.

ಆದರೆ ನನ್ನ ಮನಸ್ಸು ನಿಂತಿದ್ದು ಭತ್ತದ ಗದ್ದೆಗಳಲ್ಲಿ. ಅಳಿವಿನ ಅಂಚಿನಲ್ಲಿರುವ ಆಸ್ಟ್ರೇಲೇಷ್ಯನ್ ಬಿಟರ್ನ್ ಇಲ್ಲೇ ಗೂಡು ಕಟ್ಟುತ್ತದೆ. ಬಕದ ಬಳಗದ ಈ ಹಕ್ಕಿ ಕಣ್ಣಿಗೆ ಬೀಳುವುದು ಅಪರೂಪ. ಗಂಡಿನ ಹೂಂಕಾರ ಮಾತ್ರ ಬಹಳ ದೂರ ಕೇಳುತ್ತದೆ. ಈ ಸದ್ದನ್ನೇ ಹಿಂದೆ ಜನ ಬನ್ಯಿಪ್ ಎಂಬ ನೀರಿನ ಭೂತದ ಕೂಗು ಅಂದುಕೊಂಡಿದ್ದರಂತೆ.

ಗದ್ದೆಗೆ ಬೇಗ ನೀರು ತುಂಬಿಸಿದರೆ, ಕೊಯ್ಲಿಗೆ ಮೊದಲು ಮರಿಗಳು ಹಾರಲು ಕಲಿಯುತ್ತವೆ. ಬರದ ವರ್ಷ ನೀರಿನ ಬೆಲೆ ಏರುತ್ತದೆ, ಎಷ್ಟೋ ರೈತರು ಭತ್ತ ಬಿಡುತ್ತಾರೆ. ನೀರು ಜಾಸ್ತಿ ಕುಡಿಯುತ್ತೆ ಅಂತ ಭತ್ತವನ್ನು ಬೈಯುವುದು ಸುಲಭ ಅಲ್ವಾ? ಇಲ್ಲಿ ನಿಂತು ಹಾಗೆ ಬೈಯಲು ನನಗೆ ಮನಸ್ಸಾಗಲಿಲ್ಲ. ಸಹಜ ಜೌಗುಗಳು ಎಷ್ಟೋ ಒಣಗಿವೆ, ಪಾಪ ಬಿಟರ್ನ್ ಇನ್ನೆಲ್ಲಿಗೆ ಹೋಗಬೇಕು?

ನಾಳೆ ಡೆನಿಲಿಕ್ವಿನ್ ಕಡೆ ಹೊರಟಿದ್ದೇವೆ, ಪ್ಲೇನ್ಸ್ ವಾಂಡರರ್ ಹುಡುಕಿಕೊಂಡು. ಹುಲ್ಲುಗಾವಲಿನ ಪುಟ್ಟ ಹಕ್ಕಿ, ರಾತ್ರಿ ಟಾರ್ಚ್ ಹಿಡಿದೇ ಹುಡುಕಬೇಕು.