ಎಲ್ಕ್ ಹೊರೋ ಬ್ಯಾಗು, ಫ್ಲ್ಯಾಟ್ ಟಾಪ್ಸ್ ದಾರಿ

ಅಮೆರಿಕದ ಕೊಲೊರಾಡೋದಲ್ಲಿ, ಫ್ಲ್ಯಾಟ್ ಟಾಪ್ಸ್ ಅನ್ನೋ ಬೆಟ್ಟಸೀಮೆಗೆ ಎಲ್ಕ್ ಬೇಟೆಗೆ ಹೋಗ್ತಿದೀವಿ ಅಂದ ತಕ್ಷಣ ಊರಿಂದ ಫೋನ್ ಮಾಡೋರೆಲ್ಲ ಕೇಳೋದು ಒಂದೇ, ಯಾವ ಕೋವಿ, ಎಷ್ಟು ದೂರದಿಂದ ಹೊಡೀತೀರಾ ಅಂತ. ಬ್ಯಾಗ್ ಯಾವುದು ಅಂತ ಒಬ್ರೂ ಕೇಳಲ್ಲ. ಈಡು ಹೊಡೆಯೋದು ಅರೆಕ್ಷಣದ ಕೆಲಸ ಕಣ್ರೀ, ಆಮೇಲೆ ಇರೋದೇ ಅಸಲಿ ಕಥೆ. ದೊಡ್ಡ ಗಂಡು ಎಲ್ಕ್ ಅಂದ್ರೆ 700 ಪೌಂಡ್ ತೂಗುತ್ತೆ, ಅಂದ್ರೆ 300 ಕೆಜಿ ಮೇಲೆ, ನಮ್ಮ ಕಡವೆ ಬಳಗದ್ದೇ, ಆದ್ರೆ ಗಾತ್ರದಲ್ಲಿ ಇನ್ನೊಂದು ಕೈ ಮೇಲು. ಮೂಳೆ ಬಿಡಿಸಿದ್ರೂ 200 ಪೌಂಡಿನಷ್ಟು ಮಾಂಸ ಬರುತ್ತೆ, ಅದು ಹತ್ತು ಸಾವಿರ ಅಡಿ ಎತ್ತರದಲ್ಲಿ ಬಿದ್ದಿರುತ್ತೆ, ಕಾರು ಎಲ್ಲೋ ಕೆಳಗಿರುತ್ತೆ.

ಬೇಟೆ ಲೈಸೆನ್ಸ್ ಇದ್ದಿದ್ದು ಕೊಡಗಿನ ಅಣ್ಣನ ಹತ್ರ. ಡೆನ್ವರ್ ಕಡೆ ಬಂದು ವರ್ಷಗಳಾಗಿದೆ, ಹಂಟರ್ ಎಜುಕೇಶನ್ ಕಾರ್ಡ್ ಮಾಡಿಸ್ಕೊಂಡಿದಾರೆ, 1949ರಿಂದ ಈಚೆಗೆ ಹುಟ್ಟಿದವರಿಗೆ ಇಲ್ಲಿ ಅದಿಲ್ದೆ ಲೈಸೆನ್ಸ್ ಸಿಗಲ್ಲ. ಊರಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಇಟ್ಟು ಪೂಜೆ ಮಾಡ್ತಾರೆ, ಬೇಟೆ ಮಾತ್ರ 1972ರ ವನ್ಯಜೀವಿ ಕಾನೂನು ಬಂದ ಮೇಲೆ ಮನೆ ಹಿರಿಯರ ಬಾಯಲ್ಲಿ ಉಳಿದಿರೋ ಕಥೆ ಅಷ್ಟೇ. ನಾನು ತೀರ್ಥಹಳ್ಳಿ ಕಡೆಯವನು, ಕೋವಿ ಮುಟ್ಟಲ್ಲ, ಹೊರೋಕೆ ಒಪ್ಪಿಕೊಂಡವನು. ಮೂರನೆಯವರು ಅಣ್ಣನ ಪಕ್ಕದ ಮನೆ ತಾತ, ರಿಟೈರ್ ಆಗಿರೋ ಅಮೆರಿಕನ್, ಹುಡುಗನಾಗಿದ್ದಾಗಿಂದ ಇದೇ ಕಾಡಿಗೆ ಹೋಗ್ತಿರೋರು.

"ಅಣ್ಣ, ನನ್ನ ಟ್ರೆಕ್ಕಿಂಗ್ ಬ್ಯಾಗೇ ಸಾಕಲ್ವಾ, 65 ಲೀಟರ್ ಇದೆ" ಅಂದೆ. "ಲೀಟರ್ ಲೆಕ್ಕ ಹಾಲಿಗೆ ಮಾರಾಯ, ಆ ಬ್ಯಾಗಲ್ಲಿ ಒಂದು ತೊಡೆ ಹೊತ್ಕೊಂಡು ಇಳಿದು ನೋಡು, ಗೊತ್ತಾಗುತ್ತೆ" ಅಂದ್ರು.

ವಿಷಯ ಏನಂದ್ರೆ ಟ್ರೆಕ್ಕಿಂಗ್ ಬ್ಯಾಗುಗಳು ಹೆಚ್ಚಿನವು 35-40 ಪೌಂಡ್ ಲೆಕ್ಕದಲ್ಲಿ ಮಾಡಿರ್ತಾರೆ. ಅದರ ಮೇಲೆ ಹೋದ್ರೆ ಒಳಗಿನ ಫ್ರೇಮು ಬಾಗುತ್ತೆ, ಫ್ರೇಮು ಬಾಗಿದ್ರೆ ಭಾರ ಸೊಂಟದಿಂದ ಜಾರಿ ಹೆಗಲಿಗೆ ಬರುತ್ತೆ, ಹೆಗಲಿಗೆ ಬಂದ್ರೆ ಒಂದು ಮೈಲಿ ಒಳಗೆ ಕತೆ ಮುಗೀತು. ಬೇಟೆ ಬ್ಯಾಗ್ ಮಾಡೋರು ಶುರು ಮಾಡೋದೇ ಫ್ರೇಮಿನಿಂದ, ಚೀಲ ಅದಕ್ಕೆ ಆಮೇಲೆ ಅಂಟಿಸೋ ವಸ್ತು. ಫ್ರೇಮಿಗೂ ಚೀಲಕ್ಕೂ ಮಧ್ಯೆ ಜಾಗ ತೆಗೆದು ಅಲ್ಲಿ ಮಾಂಸದ ಮೂಟೆ ಇಟ್ಟು ಬಿಗಿಯೋ ವ್ಯವಸ್ಥೆ ಇರುತ್ತೆ, ಲೋಡ್ ಶೆಲ್ಫ್ ಅಂತಾರೆ. ಇದರಲ್ಲಿ ಭಾರ ಬೆನ್ನಿಗೆ ಅಂಟಿಕೊಂಡಿರುತ್ತೆ, ನಮ್ಮ ಬಟ್ಟೆ ಬರೆ ರಕ್ತ ಆಗದೆ ಹಿಂದಿನ ಚೀಲದಲ್ಲಿ ಇರುತ್ತೆ.

ಈ ಬ್ಯಾಗುಗಳನ್ನ ಮಾಡೋರಲ್ಲಿ ಸುಮಾರು ಜನ ಈ ಬೆಟ್ಟದ ಸೀಮೆಯವರೇ. ಮೊಂಟಾನಾದ ಬೋಜ್‌ಮನ್ ಊರಲ್ಲಿ ಶುರುವಾದ ಮಿಸ್ಟರಿ ರ‍್ಯಾಂಚ್, ಸ್ಟೋನ್ ಗ್ಲೇಷಿಯರ್, ಐಡಾಹೋದ ಬಾಯ್ಸಿಯಲ್ಲಿ ಎಕ್ಸೋ, ನಮ್ಮ ಕೊಲೊರಾಡೋದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಸೀಕ್ ಔಟ್‌ಸೈಡ್. ಒಬ್ಬರದ್ದು ಟೈಟೇನಿಯಂ ಫ್ರೇಮು, ಒಬ್ಬರದ್ದು ಕಾಂಪೊಸಿಟ್, ಒಬ್ಬರದ್ದು ಅಲ್ಯೂಮಿನಿಯಂ. ಫ್ರೇಮು ಚೀಲ ಬೆಲ್ಟ್ ಎಲ್ಲಾ ಸೇರಿಸಿದ್ರೆ ಬೆಲೆ ಆರಾಮಾಗಿ 600 ಡಾಲರ್ ದಾಟುತ್ತೆ, ಮನೆಯಲ್ಲಿ ಹೇಳೋಕೆ ಧೈರ್ಯ ಬೇಕು. ನನಗೆ ಅಣ್ಣನ ಗೆಳೆಯರಿಂದ ಬೇರೆ ಬೇರೆ ಬ್ಯಾಗ್ ಕಡ ಸಿಕ್ತು, ಅವನ್ನೆಲ್ಲ ಗರಾಜಿನಲ್ಲಿ ಸಾಲಾಗಿ ಇಟ್ಕೊಂಡು ಕೂತ್ವಿ.

ತೂಕ ಹಾಕೋಕೆ ಮರಳು ಎಲ್ಲಿ ತರೋದು ಅಂತ ಯೋಚಿಸ್ತಿದ್ದಾಗ ಅಣ್ಣನ ಹೆಂಡತಿ ಅಕ್ಕ ಅಡುಗೆಮನೆ ಕಡೆ ಕೈ ತೋರಿಸಿದ್ರು, ಇಂಡಿಯನ್ ಸ್ಟೋರಿನ ಸೋನಾ ಮಸೂರಿ, 20 ಪೌಂಡಿನ ಚೀಲಗಳು. ನಾಲ್ಕು ಕಟ್ಟಿದ್ರೆ 80 ಪೌಂಡ್, ಲೆಕ್ಕ ಸರೀಗೆ. "ಹರಿದ್ರೆ ನೀವೇ ಒಂದೊಂದೇ ಕಾಳು ಆರಿಸಬೇಕು" ಅಂತ ಕಂಡೀಶನ್ ಹಾಕಿ ಕೊಟ್ರು. ಆ ಭಾರ ಹೊತ್ಕೊಂಡು ಬೀದಿಯಲ್ಲಿ ಓಡಾಡಿದ್ದು, ಆಮೇಲೆ ಮನೆ ಹಿಂದಿನ ಗುಡ್ಡ ಹತ್ತಿ ಇಳಿದಿದ್ದು, ಅಕ್ಕಪಕ್ಕದವರು ಕಿಟಕಿಯಿಂದ ನೋಡಿದ್ದು ಎಲ್ಲಾ ಆಯ್ತು. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ಕನ್ನಡಿ ಮುಂದೆ ನಿಂತ್ರೆ ಎಲ್ಲಾ ಬ್ಯಾಗೂ ಚೆನ್ನಾಗೇ ಇರುತ್ತೆ. 80 ಪೌಂಡ್ ಹಾಕಿ ಇಳಿಜಾರಲ್ಲಿ ಅರ್ಧ ಗಂಟೆ ನಡೆದಾಗ ಮಾತ್ರ ಬಣ್ಣ ಬಯಲಾಗೋದು.

ನಾವು ನೋಡಿದ್ದು ಮುಖ್ಯವಾಗಿ ಸೊಂಟದ ಬೆಲ್ಟ್. ಹೊಕ್ಕುಳ ಹತ್ರ ಅಲ್ಲ, ಸೊಂಟದ ಪಕ್ಕದಲ್ಲಿ ಕೈ ಇಟ್ರೆ ಸಿಗುತ್ತಲ್ಲ ಆ ಮೂಳೆ, ಅದರ ಮೇಲೆ ಬೆಲ್ಟ್ ಕೂರಬೇಕು, ಕೂತ ಮೇಲೆ ಜಾರಬಾರದು. ನನ್ನಂಥ ಸಣ್ಣ ಸೊಂಟದವರಿಗೆ ಇದೇ ದೊಡ್ಡ ತೊಂದರೆ, ಎಷ್ಟು ಎಳೆದ್ರೂ ಎರಡೂ ಕಡೆ ಪ್ಯಾಡ್ ಮುಂದೆ ಬಂದು ಒಂದಕ್ಕೊಂದು ತಾಗಿಬಿಡುತ್ತೆ, ಇನ್ನು ಬಿಗಿಯೋಕೆ ಜಾಗನೇ ಇರಲ್ಲ, ಅಂದ್ರೆ ಬೆಲ್ಟ್ ಸೈಜ್ ದೊಡ್ಡದಾಯ್ತು ಅಂತ ಅರ್ಥ. ಅದಕ್ಕೇ ಬೆಲ್ಟನ್ನ ಬೇರೆ ಸೈಜಿನದ್ದು ಕೊಡೋ ಕಂಪನಿಯದ್ದೇ ನೋಡಿ. ಆಮೇಲೆ ಫ್ರೇಮಿನ ಎತ್ತರ. ಹೆಗಲ ಪಟ್ಟಿಯ ಮೇಲಿಂದ ಫ್ರೇಮಿನ ತಲೆಗೆ ಹೋಗೋ ಸಣ್ಣ ಪಟ್ಟಿ ಇರುತ್ತೆ, ಲೋಡ್ ಲಿಫ್ಟರ್ ಅಂತ, ಅದು ಹೆಗಲಿಂದ ಮೇಲಕ್ಕೆ ಓರೆಯಾಗಿ ಹೋಗಬೇಕು, 45 ಡಿಗ್ರಿ ಹತ್ರ ಇದ್ರೆ ಒಳ್ಳೇದು. ಫ್ರೇಮು ಗಿಡ್ಡ ಆಗಿ ಆ ಪಟ್ಟಿ ಅಡ್ಡಡ್ಡ ಆಯ್ತು ಅಂದ್ರೆ ಅದು ಶೋಕಿಗೆ ಇದ್ದಂಗೆ, ಹೆಗಲಿನ ಭಾರ ಒಂದು ಗ್ರಾಮೂ ಎತ್ತಲ್ಲ. ಎತ್ತರದ ಫ್ರೇಮಿಗೂ ಬೆಲೆ ತೆರಬೇಕು, ಮರದ ಕೊಂಬೆ ಕೆಳಗೆ ನುಸುಳುವಾಗೆಲ್ಲ ತಗುಲುತ್ತೆ. ಪಾಕೆಟ್ ಎಷ್ಟು, ಕ್ಯಾಮೊ (ಕಾಡಲ್ಲಿ ಕಾಣದಂಗೆ ಮರೆಸೋ ಬಣ್ಣ) ಯಾವ ಡಿಸೈನು, ಇದೆಲ್ಲ ನನ್ನ ಪ್ರಕಾರ ಟೈಮ್ ಪಾಸ್. ರೈಫಲ್ ಸೀಸನ್‌ನಲ್ಲಿ ಹೇಗಿದ್ರೂ 500 ಚದರ ಇಂಚು ಕೇಸರಿ ಇಲ್ಲಾ ಗುಲಾಬಿ ಬಣ್ಣ ಮೈಮೇಲೆ ಇರಲೇಬೇಕು ಅಂತ ರೂಲ್ಸು, ಬೇಟೆಗಾರ ಮದುವೆ ಶಾಮಿಯಾನದಂಗೆ ಕಾಣ್ತಾನೆ, ಬ್ಯಾಗಿಗೆ ಮಾತ್ರ ಕ್ಯಾಮೊ ಯಾಕೆ ಹೇಳಿ.

ತಾತ ಇದನ್ನೆಲ್ಲ ನೋಡಿ ನಗ್ತಾ ಇದ್ರು. ಅವರದ್ದು ಹಳೇ ಅಲ್ಯೂಮಿನಿಯಂ ಪೈಪಿನ ಫ್ರೇಮು, ಕೆಳಗೆ ಎಲ್ ಆಕಾರದ ತಟ್ಟೆ, ಯಾರದ್ದೋ ಮನೆ ಮುಂದಿನ ಹಳೇ ಸಾಮಾನು ಮಾರಾಟದಲ್ಲಿ ತಗೊಂಡಿದ್ದಂತೆ. ಒಂದು ಕಾಲಕ್ಕೆ ಇಲ್ಲಿನವರು ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು ಹೊರ್ತಿದ್ರು. 1952ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಅಲ್ಯೂಮಿನಿಯಂ ಫ್ರೇಮಿನ ಬ್ಯಾಗ್ ಮಾರೋಕೆ ಶುರು ಮಾಡಿದ ಮೇಲೆ ಭಾರನ ಸೊಂಟಕ್ಕೆ ಇಳಿಸೋ ಪದ್ಧತಿ ಮನೆಮನೆಗೆ ಬಂತು. ತಾತನ ಫ್ರೇಮು ಅದೇ ವಂಶದ್ದು. ನಡೆಯುವಾಗ ಕಿರ್ ಕಿರ್ ಅನ್ನುತ್ತೆ, ಅದಕ್ಕೆ ಬೇಟೆಯಾಡುವಾಗ ಅವರು ಅದನ್ನ ಕಾರಲ್ಲೇ ಬಿಟ್ಟು, ಪ್ರಾಣಿ ಬಿದ್ದ ಮೇಲೆ ಹೋಗಿ ತರ್ತಾರೆ. ದುಡ್ಡು ಕಮ್ಮಿ ಇರೋರಿಗೆ ಇದು ನಿಜವಾಗ್ಲೂ ಒಳ್ಳೇ ದಾರಿ.

ಅಕ್ಟೋಬರ್ ಕೊನೆ, ಎರಡನೇ ರೈಫಲ್ ಸೀಸನ್. ಡೆನ್ವರಿಂದ ಐ-70 ಹಿಡಿದು 11,000 ಅಡಿ ಎತ್ತರದ ಐಸೆನ್‌ಹೋವರ್ ಸುರಂಗ ದಾಟಿ, ಗ್ಲೆನ್‌ವುಡ್ ಕಣಿವೆ ಇಳಿದು, ರೈಫಲ್ ಅನ್ನೋ ಊರಲ್ಲೇ ಬಲಕ್ಕೆ ತಿರುಗಿ ಮೀಕರ್ ಸೇರಿದ್ವಿ. ಚಿಕ್ಕ ಊರು, ಸೀಸನ್‌ನಲ್ಲಿ ಮಾತ್ರ ಎಲ್ಲಿ ನೋಡಿದ್ರೂ ಕೇಸರಿ ಟೋಪಿ. ಮೀಕರ್ ಹೋಟೆಲ್ ಗೋಡೆ ಮೇಲೆ ಪ್ರಾಣಿ ತಲೆಗಳು ನಮ್ಮನ್ನೇ ನೋಡ್ತಿರ್ತವೆ. ಟೆಡ್ಡಿ ರೂಸ್‌ವೆಲ್ಟ್ 1901ರ ಜನವರಿಯಲ್ಲಿ, ವೈಸ್ ಪ್ರೆಸಿಡೆಂಟ್ ಆಗಿ ಆಯ್ಕೆಯಾಗಿ ಇನ್ನೂ ಕುರ್ಚಿ ಮೇಲೆ ಕೂರೋದ್ರೊಳಗೆ, ಪ್ಯೂಮಾ (ಇಲ್ಲಿನ ಬೆಟ್ಟದ ಸಿಂಹ) ಬೇಟೆಗೆ ಬಂದಿದ್ದು ಇದೇ ಕಡೆ. ಅವನಿಗೆ ಹೊರೋಕೆ ಕುದುರೆ ಇದ್ವು ಬಿಡಿ.

ಮೀಕರಿಂದ ವೈಟ್ ರಿವರ್ ಪಕ್ಕದಲ್ಲೇ ದಾರಿ, ಕೊನೇಗೆ ಮಣ್ಣು ರಸ್ತೆ, ಟ್ರ್ಯಾಪರ್ಸ್ ಲೇಕ್. 1919ರಲ್ಲಿ ಆರ್ಥರ್ ಕಾರ್‌ಹಾರ್ಟ್ ಅನ್ನೋ ಅರಣ್ಯ ಇಲಾಖೆಯವನನ್ನ ಇಲ್ಲಿ ಕೆರೆ ಸುತ್ತ ಬೇಸಿಗೆ ಮನೆಗಳಿಗೆ ಸೈಟ್ ಅಳೆಯೋಕೆ ಕಳಿಸಿದ್ರಂತೆ, ಅವನು ಅಳೆದು ಬಂದು ಇಲ್ಲಿ ಏನೂ ಕಟ್ಟಬೇಡಿ ಅಂತ ಬರೆದುಕೊಟ್ಟ. ಪುಣ್ಯಾತ್ಮ. ಆ ಯೋಚನೆ ಬೆಳೆದು 1964ರಲ್ಲಿ ವೈಲ್ಡರ್‌ನೆಸ್ ಕಾಯ್ದೆ ಆಯ್ತು, 1975ರಲ್ಲಿ ಫ್ಲ್ಯಾಟ್ ಟಾಪ್ಸ್ ಅದರಡಿ ಬಂತು. ನಮ್ಮ ಬ್ಯಾಗಿನ ತಲೆನೋವು ಶುರುವಾಗೋದೂ ಅಲ್ಲಿಂದಲೇ, ಯಾಕಂದ್ರೆ ಈ ಗಡಿಯೊಳಗೆ ಜೀಪು ಬೈಕು ಹಾಗಿರಲಿ, ಕೈಯಲ್ಲಿ ತಳ್ಳೋ ಎರಡು ಚಕ್ರದ ಗಾಡಿನೂ ತರಂಗಿಲ್ಲ. ಕುದುರೆ ಇದ್ರೆ ಕುದುರೆ, ಇಲ್ಲಾಂದ್ರೆ ಬೆನ್ನು.

ಕಾಡು ನೋಡೋಕೆ ಸ್ವಲ್ಪ ಬೇಜಾರು. 1940ರ ದಶಕದಲ್ಲಿ ಸ್ಪ್ರೂಸ್ ಮರಗಳಿಗೆ ಜೀರುಂಡೆ ಹತ್ತಿ ಬೆಟ್ಟಕ್ಕೆ ಬೆಟ್ಟವೇ ಸತ್ತಿತ್ತು, 2002ರಲ್ಲಿ ಬಿಗ್ ಫಿಶ್ ಬೆಂಕಿ ಬೇರೆ. ಈಗ ಎಲ್ಲಿ ನೋಡಿದ್ರೂ ಬೂದು ಬಣ್ಣದ ಮರಗಳು ಅಡ್ಡಡ್ಡ ಬಿದ್ದಿವೆ, ಮಧ್ಯೆ ಹೊಸ ಗಿಡ. ಎಲ್ಕ್‌ಗೆ ಹುಲ್ಲು ಸಮೃದ್ಧಿ, ಮನುಷ್ಯನಿಗೆ ಪ್ರತಿ ಮರ ದಾಟೋದೂ ಶಿಕ್ಷೆ.

ಅಣ್ಣನಿಗೆ ಎಲ್ಕ್ ಸಿಕ್ಕಿದ್ದು ಬೆಳಗಿನ ಜಾವ, ಹಿಮ ಬಿದ್ದ ಹುಲ್ಲುಗಾವಲಿನ ಅಂಚಲ್ಲಿ. ಎಳೇ ಗಂಡು, ಒಂದು ಕೊಂಬಿನಲ್ಲಿ ನಾಲ್ಕು ಕವಲು ಇದೆಯಾ ಅಂತ ಬೈನಾಕ್ಯುಲರ್‌ನಲ್ಲಿ ಎಣಿಸಿ ಎಣಿಸಿ ಖಾತ್ರಿ ಮಾಡ್ಕೊಂಡೇ ಹೊಡೆದಿದ್ದು, ಅಷ್ಟು ಕವಲಾದ್ರೂ, ಇಲ್ಲಾ ಹಣೆ ಹತ್ರದ ಕವಲು ಐದು ಇಂಚಾದ್ರೂ ಇರದಿದ್ರೆ ಹೊಡೆಯಂಗಿಲ್ಲ. ಕಾರಿರೋ ಜಾಗಕ್ಕೆ ಎರಡೂವರೆ ಮೈಲಿ. ಅಣ್ಣ ಹತ್ರ ಹೋಗಿ ಟೋಪಿ ತೆಗೆದು ಒಂದು ನಿಮಿಷ ಸುಮ್ನೆ ನಿಂತ್ರು, ಆಮೇಲೆ ಅಂಗಿ ತೋಳು ಮಡಚಿದ್ರು.

ಹೊಟ್ಟೆ ಬಗೆಯದೇನೇ ಒಂದು ಮಗ್ಗುಲಿನ ಚರ್ಮ ಬಿಡಿಸಿ, ಮುಂಗಾಲು, ತೊಡೆ, ಬೆನ್ನಿನ ಮಾಂಸ ತೆಗೆದು, ಮಗ್ಗುಲು ಹೊರಳಿಸಿ ಮತ್ತೆ ಅದೇ ಕೆಲಸ. ಗಂಡು ಅನ್ನೋ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು ಅನ್ನೋದು ಕಾನೂನು, ಅದನ್ನ ಒಂದು ತೊಡೆಯಲ್ಲಿ ಹಾಗೇ ಬಿಟ್ರು. ತೆಳು ಬಟ್ಟೆ ಚೀಲಕ್ಕೆ ತುಂಬಿ ನೆರಳಲ್ಲಿ ನೇತು ಹಾಕ್ತಿದ್ದಂಗೆ ಹಬೆ ಏಳ್ತಿತ್ತು. ಬಿಸಿ ಬೇಗ ಆರದಿದ್ರೆ ತೊಡೆಮೂಳೆ ಸುತ್ತ ಮಾಂಸ ಕೆಡುತ್ತೆ, ಹಾಗಾಗಿ ಗಡಿಬಿಡಿ.

ಮೂಳೆ ಬಿಡಿಸಿ ಹೊರೋದಾ, ಮೂಳೆ ಸಮೇತನಾ ಅಂತ ಅಲ್ಲಿ ಸಣ್ಣ ವಾದ ಆಯ್ತು. ಬಿಡಿಸಿದ್ರೆ ಕೆಲವು ಪೌಂಡ್ ಕಮ್ಮಿ ಆಗುತ್ತೆ ನಿಜ, ಆದ್ರೆ ಬಿಡಿ ಮಾಂಸ ಚೀಲದ ತಳಕ್ಕೆ ಇಳಿದು ಗುಂಡಗೆ ಕೂತ್ಕೊಳ್ಳುತ್ತೆ, ಭಾರ ಎಲ್ಲಾ ಪೃಷ್ಠದ ಹತ್ರ ಹೋಗಿ ಹಿಂದಕ್ಕೆ ಎಳೆಯುತ್ತೆ. ಮೂಳೆ ಇದ್ರೆ ತೊಡೆ ಸೆಟೆದು ನಿಲ್ಲುತ್ತೆ, ಫ್ರೇಮಿಗೆ ಉದ್ದಕ್ಕೆ ಇಟ್ಟು ಬಿಗಿದ್ರೆ ಅಲುಗಾಡಲ್ಲ. ಎರಡೂವರೆ ಮೈಲಿಗೆ ಮೂಳೆ ಸಮೇತನೇ ಸರಿ ಅಂದ್ರು ತಾತ, ಐದು ಮೈಲಿ ಆಗಿದ್ರೆ ಬಿಡಿಸೋದೇ. ನನ್ನ ಪಾಲಿಗೆ ಬಂದ ತೊಡೆ 55 ಪೌಂಡ್ ಹತ್ರ ಇತ್ತು, ಅದನ್ನ ಶೆಲ್ಫಿನಲ್ಲಿ ಎಷ್ಟು ಮೇಲಕ್ಕೆ ಸಾಧ್ಯವೋ ಅಷ್ಟು ಮೇಲೆ, ಹೆಗಲ ಮೂಳೆಗಳ ಮಧ್ಯಕ್ಕೆ ಬರೋ ಹಾಗೆ ಅಣ್ಣನೇ ಕಟ್ಟಿಕೊಟ್ರು. ನೀರು, ಜಾಕೆಟ್ಟು, ಬ್ಯಾಗಿನ ಸ್ವಂತ ತೂಕ ಎಲ್ಲಾ ಸೇರಿ 70 ದಾಟಿತ್ತು.

ಎತ್ತೋದಕ್ಕೂ ಒಂದು ಕ್ರಮ ಇದೆ. ಬ್ಯಾಗನ್ನ ಇಳಿಜಾರಿನಲ್ಲಿ ನಿಲ್ಲಿಸಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಪಟ್ಟಿ ಹಾಕ್ಕೊಂಡು, ಪಕ್ಕಕ್ಕೆ ಹೊರಳಿ ಮಂಡಿ ಮೇಲೆ ಬಂದು, ಕೋಲು ಊರಿ ಏಳೋದು. ಎದ್ದ ಮೇಲೆ ಮುಂದಕ್ಕೆ ಬಾಗಿ ಮೊದಲು ಸೊಂಟದ ಬೆಲ್ಟ್ ಬಿಗಿ, ಆಮೇಲೆ ಹೆಗಲು, ಕೊನೇಗೆ ಲೋಡ್ ಲಿಫ್ಟರ್. "ಸೊಂಟ ಸುಸ್ತಾದಾಗ ಬೆಲ್ಟ್ ಚೂರು ಸಡಿಲ ಬಿಡು, ಹೆಗಲು ಹೊರಲಿ, ಐದು ನಿಮಿಷ ಬಿಟ್ಟು ಮತ್ತೆ ಸೊಂಟಕ್ಕೆ ಕೊಡು" ಅಂದ್ರು ಅಣ್ಣ. ಈ ಒಂದು ಮಾತು ಇಡೀ ದಾರಿ ಕಾಪಾಡ್ತು.

ಮರ ದಾಟೋವಾಗ ಬ್ಯಾಗಿನ ಗುಣ ಗೊತ್ತಾಗಿದ್ದು. ಕಾಲು ಎತ್ತಿ ಹಾಕಿದಾಗ ಸೊಂಟ ಒಂದು ಕಡೆ ವಾಲುತ್ತಲ್ಲ, ನನ್ನ ಫ್ರೇಮು ಅದರ ಜೊತೆ ಸ್ವಲ್ಪ ತಿರುಗ್ತಿತ್ತು, ತಾತನ ಪೈಪು ಫ್ರೇಮು ಜಪ್ಪಯ್ಯ ಅಂದ್ರೂ ತಿರುಗ್ತಿರ್ಲಿಲ್ಲ, ಅವರು ಪ್ರತಿ ಮರಕ್ಕೂ ಸುತ್ತು ಹಾಕಿ ಹೋಗ್ತಿದ್ರು. ಆದ್ರೂ ಕಾಲುದಾರಿ ಸಿಕ್ಕ ಮೇಲೆ ನಮಗಿಂತ ಮುಂಚೆ ಕಾರು ಮುಟ್ಟಿ ಕಾಫಿ ಕುಡೀತಾ ಕೂತಿದ್ರು ಪುಣ್ಯಾತ್ಮರು, ಅದನ್ನೂ ಹೇಳಬೇಕಲ್ಲ. ಒಂದೇ ಸಲಕ್ಕೆ 100 ಪೌಂಡ್ ಹೊತ್ತೆ ಅಂತ ಜಂಬ ಕೊಚ್ಚೋರು ಇದಾರೆ, ಮಂಡಿ ಚಿಪ್ಪಿಗೆ ಆ ಜಂಬ ಗೊತ್ತಾಗಲ್ಲ. ಉಳಿದ ಮಾಂಸ ಮರದಲ್ಲಿ ಎತ್ತರಕ್ಕೆ ಕಟ್ಟಿ, ಮರುದಿನ ಬೆಳಿಗ್ಗೆ ಆರಾಮಾಗಿ ಇಳಿಸಿದ್ವಿ, ಚಳಿಗೆ ಏನೂ ಆಗಿರ್ಲಿಲ್ಲ.

ತಲೆನೂ ಹೊತ್ತು ತಂದಿದ್ವಿ, ಮೀಕರ್‌ನಲ್ಲಿ ವನ್ಯಜೀವಿ ಇಲಾಖೆ ಆಫೀಸಿಗೆ ಟೆಸ್ಟಿಗೆ ಕೊಡೋಕೆ. ಜಿಂಕೆ ಜಾತಿಗೆ ಬರೋ ಒಂದು ಮೆದುಳಿನ ಕಾಯಿಲೆ ಇದೆ, 1967ರಲ್ಲಿ ಇದೇ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು, ಅದು ಇಲ್ಲ ಅಂತ ರಿಪೋರ್ಟ್ ಬಂದ ಮೇಲೇನೇ ತಿನ್ನೋದು ಒಳ್ಳೇದು. ನಮ್ಮದು ಇಲ್ಲ ಅಂತ ಬಂತು. ಅಕ್ಕ ಕಾಚಂಪುಳಿ ಹಾಕಿ ಹಂದಿ ಮಸಾಲೆಯಲ್ಲೇ ಮಾಡಿದ್ರು, ತಾತ ಎರಡು ಸಲ ಹಾಕಿಸ್ಕೊಂಡ್ರು, ನನಗೆ ಮಾತ್ರ ಎಲ್ಕ್‌ನಲ್ಲಿ ಕೊಬ್ಬು ಕಮ್ಮಿಯಾಗಿ ಆ ಮಸಾಲೆಗೆ ಜೊತೆ ಸಾಲ್ದು ಅನ್ನಿಸ್ತು.

ನಾನು ಕೊನೆಗೆ ತಗೊಂಡಿದ್ದು ಕಡ ತಂದಿದ್ದ ಫ್ರೇಮಿನದ್ದೇ ಕಂಪನಿಯದ್ದು, ಸಣ್ಣ ಸೈಜ್ ಬೆಲ್ಟು, ಚೀಲ ಮಾತ್ರ ಅವರ ಹತ್ರ ಇರೋದ್ರಲ್ಲಿ ಚಿಕ್ಕದು. ಕಡ ತಂದಿದ್ದನ್ನ ವಾಪಸ್ ಕೊಡೋಕೆ ಮುಂಚೆ ತೊಳೆಯೋದಿತ್ತು. ಬಿಸಿನೀರು ಹಾಕಬೇಡಿ, ರಕ್ತ ಬಟ್ಟೆಗೆ ಕಚ್ಚಿಕೊಂಡುಬಿಡುತ್ತೆ. ಫ್ರೇಮಿಂದ ಚೀಲ, ಬೆಲ್ಟ್ ಎಲ್ಲಾ ಬಿಚ್ಚಿ ತಣ್ಣೀರಲ್ಲಿ ನೆನೆಸಿ, ಎಂಜೈಮ್ ಇರೋ ಸೋಪಿನಲ್ಲಿ ಮೆತ್ತಗೆ ಉಜ್ಜಿ, ನೆರಳಲ್ಲಿ ಒಣಗಿಸಿ. ಬೆಲ್ಟಿನ ಫೋಮ್ ಒಣಗೋಕೆ ತುಂಬಾ ಟೈಮ್ ತಗೊಳ್ಳುತ್ತೆ, ಅರ್ಧ ಒಣಗಿದ್ದನ್ನ ಕಪಾಟಿನಲ್ಲಿಟ್ರೆ ವಾಸನೆ ಹಿಡಿಯುತ್ತೆ.