ಸೂರ್ಯನಿಗೆ ಬೆನ್ನು ಮಾಡಿ ನೋಡಿದ ಗ್ರಹಣ

ನಗರದ ಬಹುಮಹಡಿ ಕಟ್ಟಡದಲ್ಲಿ ವಾಸಿಸುವವರ ಪಾಲಿಗೆ ಉಳಿದಿರುವ ಆಕಾಶ ತೀರ ಕಿರಿದು. ಆದ್ದರಿಂದ ಪಾರ್ಶ್ವ ಸೂರ್ಯಗ್ರಹಣದ ಸುದ್ದಿ ತಿಳಿದೊಡನೆ, ಒಂದು ವಾರ ಮೊದಲೇ ಅದೇ ಹೊತ್ತಿಗೆ ನಮ್ಮ ಮಹಡಿಯ ಕಾರಿಡಾರಿನ ಪೂರ್ವದ ಕಿಟಕಿಯ ಬಳಿ ನಿಂತು, ಎದುರು ಕಟ್ಟಡದ ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ಗಮನಿಸಿದೆ. ಸ್ಪರ್ಶಕಾಲಕ್ಕೆ ಸ್ವಲ್ಪ ಮುಂಚೆಯೇ ಆ ನೆರಳು ಕಿಟಕಿಯನ್ನು ದಾಟಿ ಹೋಗುತ್ತದೆ ಎಂದು ಖಚಿತವಾದ ಮೇಲೆ ಸಮಾಧಾನವಾಯಿತು.

ಮನೆಯಲ್ಲಿ ಎರಡು ಗ್ರಹಣ ಕನ್ನಡಕಗಳಿದ್ದವು. ಎರಡರ ಮೇಲೂ ಐಎಸ್‌ಒ 12312-2 ಎಂಬ ಮಾನದಂಡದ ಗುರುತಿತ್ತು. ಇಂಥ ಕನ್ನಡಕ ಸೂರ್ಯನ ಬೆಳಕನ್ನು ಸುಮಾರು ಒಂದು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಆದರೂ ಹಿಂದಿನ ರಾತ್ರಿ ಮೊಬೈಲಿನ ಟಾರ್ಚ್ ಹಚ್ಚಿ ಒಂದೊಂದನ್ನೇ ಪರೀಕ್ಷಿಸಿದಾಗ, ಒಂದರ ಮಡಿಕೆಯ ಬಳಿ ಸೂಜಿಮೊನೆಯಷ್ಟು ಬೆಳಕು ಚುಕ್ಕಿಯಾಗಿ ಹೊಳೆಯಿತು. ಅದನ್ನು ಕತ್ತರಿಯಿಂದ ತುಂಡರಿಸಿ ಎಸೆದೆ, ಮತ್ತೆ ಯಾರೂ ಎತ್ತಿಕೊಳ್ಳಬಾರದೆಂದು. "ಅಷ್ಟು ಸಣ್ಣ ತೂತಲ್ವಾ ಅಪ್ಪಾ?" ಎಂದು ಮಗಳು ಕೇಳಿದಳು. ಅಕ್ಷಿಪಟಲಕ್ಕೆ ನೋವನ್ನು ತಿಳಿಸುವ ನರಗಳೇ ಇಲ್ಲ, ಅದು ಸುಡುವಾಗ ನಮಗೆ ಏನೂ ಗೊತ್ತಾಗುವುದಿಲ್ಲ, ದೃಷ್ಟಿಯ ನಡುವೆ ಕಪ್ಪು ಕಲೆ ಕಾಣಿಸಿಕೊಳ್ಳುವುದು ಗಂಟೆಗಳು ಕಳೆದ ಮೇಲೆ ಎಂದು ಅವಳಿಗೆ ವಿವರಿಸಿದೆ. ಮಸಿ ಹಿಡಿದ ಗಾಜು, ಎಕ್ಸ್‌ರೇ ಫಿಲ್ಮ್‌ಗಳನ್ನು ನಾನು ಹತ್ತಿರ ಸೇರಿಸದಿರುವುದಕ್ಕೂ ಇದೇ ಕಾರಣ. ಬರಿಗಣ್ಣಾದರೆ ಪ್ರಖರತೆಗೆ ಹೆದರಿ ತಾನಾಗಿ ಮುಚ್ಚಿಕೊಳ್ಳುತ್ತದೆ; ಅರೆಗಪ್ಪು ಗಾಜು ಆ ರಕ್ಷಣೆಯನ್ನೂ ಕಿತ್ತುಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಒಳಗೆ ಬಿಟ್ಟುಕೊಡುತ್ತದೆ.

ಹೀಗೆ ಒಂದೇ ಕನ್ನಡಕ ಉಳಿದದ್ದರಿಂದ ಕನ್ನಡಿಯ ಉಪಾಯಕ್ಕೆ ಕೈಹಾಕಿದೆ. ಸಣ್ಣ ಕನ್ನಡಿಯೊಂದಕ್ಕೆ ಕಪ್ಪು ಕಾಗದ ಸುತ್ತಿ, ನಡುವೆ ಐದು ಮಿಲಿಮೀಟರಿನ ರಂಧ್ರ ಕತ್ತರಿಸಿ, ತೆರೆದ ಕಿಟಕಿಯ ಕಟ್ಟೆಯ ಮೇಲೆ ಓರೆಯಾಗಿ ನಿಲ್ಲಿಸಿದೆ. ಕಾರಿಡಾರಿನ ಇನ್ನೊಂದು ತುದಿ ಸುಮಾರು ಹದಿನೈದು ಮೀಟರ್ ದೂರ. ಪ್ರತಿ ಮೀಟರಿಗೆ ಒಂಬತ್ತು ಮಿಲಿಮೀಟರಿಗಿಂತ ತುಸು ಹೆಚ್ಚಿನ ಲೆಕ್ಕದಲ್ಲಿ ಬಿಂಬ ಹಿಗ್ಗುವುದರಿಂದ, ಅಲ್ಲಿನ ನೆರಳುಗೋಡೆಯ ಮೇಲೆ ಹದಿನಾಲ್ಕು ಸೆಂಟಿಮೀಟರ್ ಅಗಲದ ಸೂರ್ಯ ಬಂದು ಕುಳಿತ. ಬೆಳಕಿನ ದಾರಿಗೆ ಅಡ್ಡ ಬಂದು ಯಾರೂ ಕನ್ನಡಿಯತ್ತ ನೋಡದಂತೆ ಎರಡು ಕುರ್ಚಿಗಳನ್ನು ಅಡ್ಡ ಇಟ್ಟೆವು.

ಸ್ಪರ್ಶವನ್ನು ಮೊದಲು ತೋರಿಸಿದ್ದು ಕನ್ನಡಕ. ಗೋಡೆಯ ಬಿಂಬದ ಅಂಚು ಮಸುಕಾದ್ದರಿಂದ ಅಲ್ಲಿ ಕಚ್ಚು ಮೂಡಲು ಇನ್ನಷ್ಟು ನಿಮಿಷಗಳು ಬೇಕಾದವು. ಆದರೆ ಅದು ಮೂಡಿದ ಮೇಲೆ ನಾವಿಬ್ಬರೂ ಕನ್ನಡಕವನ್ನು ಮರೆತೆವು. ಮಗಳು ಗೋಡೆಗೆ ಬಿಳಿಹಾಳೆ ಅಂಟಿಸಿ ಬಿಂಬದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದಳು. ಗೆರೆ ಮುಗಿಯುವಷ್ಟರಲ್ಲಿ ಸೂರ್ಯ ಅದರಿಂದ ಹೊರಗೆ ಜಾರಿರುತ್ತಿದ್ದ. ಎರಡು ನಿಮಿಷಕ್ಕೊಮ್ಮೆ ತನ್ನ ಅಗಲದಷ್ಟೇ ದೂರ ಸರಿಯುತ್ತಿದ್ದ. ಭೂಮಿ ತಿರುಗುತ್ತದೆ ಎಂಬುದನ್ನು ಎಷ್ಟೋ ಸಲ ಓದಿದ್ದೇನೆ, ಅದು ತಿರುಗುವುದನ್ನು ಕಣ್ಣಾರೆ ಕಂಡದ್ದು ಆ ಗೋಡೆಯ ಮೇಲೆಯೇ. ನಡುವೆ ತೆಳುಮೋಡವೊಂದು ಹಾದುಹೋದಾಗ ಅದರ ಎಳೆಗಳು ಬಿಂಬದೊಳಗೆ ಹೊಗೆಯಂತೆ ತೇಲಿದವು, ಚಂದ್ರನ ಕಪ್ಪು ಅಂಚು ಮಾತ್ರ ಅಲುಗದೆ ನಿಂತಿತ್ತು.

ಮಧ್ಯಕಾಲದಲ್ಲಿ ಸೂರ್ಯನ ವ್ಯಾಸದ ಅರ್ಧ ಮರೆಯಾಗಿತ್ತು. ಹಾಗಿದ್ದೂ ಬೀದಿಯ ಬೆಳಕಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅರ್ಧ ವ್ಯಾಸ ಮುಚ್ಚಿದರೂ ವಿಸ್ತೀರ್ಣದಲ್ಲಿ ಮುಚ್ಚುವುದು ಶೇಕಡ 39 ಮಾತ್ರ, ಆ ಕೊರತೆಗೆ ಕಣ್ಣು ತಾನೇ ಹೊಂದಿಕೊಳ್ಳುತ್ತದೆ. ಆದರೆ ಕೆಳಗಿನ ಕಾಲುದಾರಿಯ ಮರದಡಿಯಲ್ಲಿ, ಎಲೆಗಳ ಸಂದಿಗಳೇ ಸೂಜಿರಂಧ್ರಗಳಾಗಿ, ನೂರಾರು ಬಾಗಿದ ಬೆಳಕಿನ ತುಣುಕುಗಳು ಒಂದೇ ದಿಕ್ಕಿಗೆ ಮುಖಮಾಡಿ ಬಿದ್ದಿದ್ದವು. ಜನ ಅವುಗಳ ಮೇಲೆಯೇ ನಡೆದುಹೋಗುತ್ತಿದ್ದರು. ಇಳಿದುಹೋಗಿ ಅವರನ್ನು ನಿಲ್ಲಿಸಿ ತೋರಿಸಬೇಕೆಂದು ಮನಸ್ಸು ತವಕಿಸಿತು; ಕನ್ನಡಿಯನ್ನು ಬಿಟ್ಟು ಹೋಗುವ ಧೈರ್ಯವಾಗದೆ, ಕಿಟಕಿಯಿಂದಲೇ ಕೂಗಿದೆ. ಒಬ್ಬ ವೃದ್ಧೆ ನಿಂತು ನೆಲ ನೋಡಿ, ಅಂಗೈ ಚಾಚಿ ಅದರ ಮೇಲೊಂದು ತುಣುಕನ್ನು ಬೀಳಿಸಿಕೊಂಡು ಬಹಳ ಹೊತ್ತು ನೋಡುತ್ತಿದ್ದರು.

ಮೋಕ್ಷಕಾಲ ಹತ್ತಿರವಾದಂತೆ ಕಚ್ಚು ಕಿರಿದಾಗುತ್ತ ಅಂಚಿನ ಮಸುಕಿನಲ್ಲಿ ಕರಗಿತು. ಮುಗಿಯಿತೆಂದು ನಾನು ಹೇಳಿದೆ. "ಇನ್ನೂ ಒಂಚೂರು ಇದೆ ಅಪ್ಪಾ" ಎಂದ ಮಗಳು ಕನ್ನಡಕ ಹಾಕಿಕೊಂಡು ಕಿಟಕಿಗೆ ಹೋದಳು. ಅವಳು ಹೇಳಿದ್ದೇ ನಿಜವಾಗಿತ್ತು. ಆ ಒಂಚೂರೂ ಹೋಗುವವರೆಗೆ ಕಾದು, ಕನ್ನಡಿಯ ಮೇಲೆ ಬಟ್ಟೆ ಮುಚ್ಚಿದೆವು.